ಬೇಸ್ ಮಾಡೆಲ್ ಕಾರು, ಹಿಂದಿನ ಸೀಟಿನ ಜೀವ

2014ರ ಜನವರಿ 31ರಂದು ಭಾರತದ ಐದು ಚಿಕ್ಕ ಕಾರುಗಳ ಅಪಘಾತ ಪರೀಕ್ಷೆಯ ಫಲಿತಾಂಶ ಹೊರಬಿತ್ತು. ಮಾರುತಿ ಸುಜುಕಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ ಮತ್ತು ಫೋಕ್ಸ್‌ವ್ಯಾಗನ್ ಪೋಲೊ. ಪರೀಕ್ಷೆ ಮಾಡಿಸಿದ್ದು ಲಂಡನ್ನಿನ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮೂತಿಯ ಒಂದು ಪಕ್ಕವನ್ನು ತಡೆಗೋಡೆಗೆ ಗುದ್ದಿಸಿ, ಒಳಗೆ ಕೂರಿಸಿದ ಗೊಂಬೆಗಳ ತಲೆ, ಎದೆ, ಮೊಣಕಾಲಿಗೆ ಬಿದ್ದ ಪೆಟ್ಟನ್ನು ಅಳೆದಿದ್ದರು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೆ ಐದು ಕಾರುಗಳಿಗೂ ಸಿಕ್ಕಿದ್ದು ಸೊನ್ನೆ ಸ್ಟಾರ್.

ಆ ಕಾಲಕ್ಕೆ ದೇಶದಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಸುಮಾರು ಐದನೇ ಒಂದು ಪಾಲು ಈ ಐದು ಮಾಡೆಲ್‌ಗಳದೇ ಆಗಿತ್ತು. ಸ್ಕೂಟರ್ ಮಾರಿ ಮೊದಲ ಸಲ ಕಾರಿನ ಕೀಲಿ ಹಿಡಿದ ಸಂಸಾರಗಳು, ನಿವೃತ್ತಿಯ ಹಣ ಕೈಗೆ ಬಂದ ಮೇಷ್ಟ್ರುಗಳು ಕೊಳ್ಳುತ್ತಿದ್ದ ಗಾಡಿಗಳು ಇವು. ಗ್ಲೋಬಲ್ ಎನ್‌ಕ್ಯಾಪ್ ಬೇಕೆಂದೇ ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್‌ಗಳನ್ನು ಆರಿಸಿತ್ತು. ಆಲ್ಟೊ, ನ್ಯಾನೊ, ಐ10 ಕಾರುಗಳ ಚೌಕಟ್ಟೇ ಕುಸಿದಿತ್ತು. ಫಿಗೊ ಮತ್ತು ಪೋಲೊ ಚೌಕಟ್ಟು ತಡೆದುಕೊಂಡಿತ್ತು. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಇಟ್ಟು ಮತ್ತೆ ಗುದ್ದಿಸಿದಾಗ ನಾಲ್ಕು ಸ್ಟಾರ್ ಬಂತು. ಏರ್‌ಬ್ಯಾಗ್ ಇಲ್ಲದ ಪೋಲೊ ಮಾರಾಟವನ್ನು ಕಂಪನಿ ಭಾರತದಲ್ಲಿ ನಿಲ್ಲಿಸಿತು.

ಉಳಿದ ಕಂಪನಿಗಳ ಉತ್ತರ ಒಂದೇ ಧಾಟಿಯಲ್ಲಿತ್ತು: ನಮ್ಮ ಕಾರುಗಳು ಭಾರತದ ಎಲ್ಲ ನಿಯಮಗಳನ್ನೂ ಪಾಲಿಸುತ್ತವೆ. ಆ ಮಾತು ನಿಜವಾಗಿತ್ತು, ಕಳವಳ ಪಡಬೇಕಾದದ್ದೂ ಅದಕ್ಕೇ. ಹೊಸ ಕಾರನ್ನು ಮಾರುವ ಮೊದಲು ಹೀಗೆ ಗುದ್ದಿಸಿ ನೋಡಬೇಕೆಂಬ ನಿಯಮವೇ ಆಗ ನಮ್ಮಲ್ಲಿ ಇರಲಿಲ್ಲ. ಅಮೆರಿಕದಲ್ಲಿ 1998ರ ಮಾಡೆಲ್ ಕಾರುಗಳಿಂದಲೇ ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯ. ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಪಕ್ಕದಲ್ಲಿ ಕೂತವರ ಸರದಿ ಬರುವಷ್ಟರಲ್ಲಿ 2021 ಮುಗಿಯುತ್ತ ಬಂದಿತ್ತು.

ಗಂಟೆಗೆ 64 ಕಿ.ಮೀ. ಎಂದರೆ ನಮ್ಮ ಹೆದ್ದಾರಿಗಳಲ್ಲಿ ನಿಧಾನವೆಂದೇ ಲೆಕ್ಕ. ಆದರೆ ಆ ವೇಗದಲ್ಲಿ ಗೋಡೆಗೆ ಗುದ್ದುವುದೂ ಐದನೇ ಮಹಡಿಯಿಂದ ನೆಲಕ್ಕೆ ಬೀಳುವುದೂ ಒಂದೇ. ಎರಡರಲ್ಲೂ ದೇಹಕ್ಕೆ ಬಂದಿರುವ ವೇಗ ಸಮಸಮ. ವೇಗ ಸ್ವಲ್ಪ ಏರಿದರೆ ಪೆಟ್ಟು ಬಹಳ ಏರುತ್ತದೆ. ಭಾರತದ ಕಾನೂನು 2017ರ ಅಕ್ಟೋಬರಿನಿಂದ ಹೊಸ ಮಾಡೆಲ್‌ಗಳಿಗೆ ಕಡ್ಡಾಯ ಮಾಡಿದ ಎದುರು ಡಿಕ್ಕಿಯ ಪರೀಕ್ಷೆ ನಡೆಯುವುದು 56 ಕಿ.ಮೀ. ವೇಗದಲ್ಲಿ. ಸ್ಟಾರ್ ಕೊಡುವ ಪರೀಕ್ಷೆಗಿಂತ ಎಂಟೇ ಕಿ.ಮೀ. ಕಡಿಮೆ. ಆದರೆ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಆ ಎಂಟು ಕಿ.ಮೀ. ಸುಮಾರು ಶೇ 30ರಷ್ಟು ಹೆಚ್ಚಿನ ಹೊಡೆತವನ್ನು ತರುತ್ತದೆ. ಕಾನೂನು ಪಾಸಾದ ಕಾರು ಸ್ಟಾರ್ ಪರೀಕ್ಷೆಯಲ್ಲಿ ಮುಗ್ಗರಿಸುವುದಕ್ಕೆ ಇದು ಒಂದು ಕಾರಣ.

ಊರ ಕಟ್ಟೆಯಲ್ಲಿ ಕಾರಿನ ಮಾತು ಬಂದಾಗ ಹಿರಿಯರೊಬ್ಬರು ಹೇಳಿಯೇ ಹೇಳುತ್ತಾರೆ: “ಈಗಿನ ಕಾರೆಲ್ಲ ಬರೀ ತಗಡು ಕಣಪ್ಪ, ಅಂಬಾಸಿಡರ್ ಅಂದ್ರೆ ಉಕ್ಕು.” ಬಾನೆಟ್ ಮೇಲೆ ಬೆರಳಿನಿಂದ ತಟ್ಟಿ ಸದ್ದು ಕೇಳಿ ಗಟ್ಟಿತನ ಅಳೆಯುವವರು ಇಂದಿಗೂ ಇದ್ದಾರೆ. ಈ ನಂಬಿಕೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆ 2009ರಲ್ಲಿ ಪ್ರತ್ಯಕ್ಷವಾಗಿ ಪರೀಕ್ಷಿಸಿತು. 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಲಿಬು ಕಾರುಗಳನ್ನು ತಲಾ 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಗುದ್ದಿಸಿದರು. ಭರ್ಜರಿ ಉಕ್ಕಿನ ಬೆಲ್ ಏರ್ ಕಾರಿನ ಚಾಲಕನ ಜಾಗವೇ ಮುದ್ದೆಯಾಯಿತು. ಅಲ್ಲಿ ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಮಲಿಬುವಿನ ಮೂತಿ ನುಜ್ಜುಗುಜ್ಜಾಯಿತು, ಗೊಂಬೆಯ ಕಾಲಿಗೆ ಪೆಟ್ಟಾಯಿತು, ಅಷ್ಟೆ.

ಒಳ್ಳೆಯ ಕಾರಿನ ಮೂತಿ ಮುದುಡಬೇಕು. ಮುದುಡುತ್ತಾ ಹೊಡೆತದ ಶಕ್ತಿಯನ್ನು ತಾನು ನುಂಗಬೇಕು, ಜನ ಕೂರುವ ಗೂಡು ಮಾತ್ರ ಅಲುಗಬಾರದು. ಆ ಗೂಡಿನೊಳಗೆ ಬೆಲ್ಟ್ ದೇಹವನ್ನು ಹಿಡಿದು ನಿಲ್ಲಿಸುತ್ತದೆ, ಏರ್‌ಬ್ಯಾಗ್ ತಲೆ ಮತ್ತು ಎದೆಗೆ ಮೆತ್ತೆಯಾಗುತ್ತದೆ. ಗೂಡೇ ಕುಸಿದರೆ ಏರ್‌ಬ್ಯಾಗ್ ಎಷ್ಟಿದ್ದರೇನು? 2014ರ ನವೆಂಬರಿನಲ್ಲಿ ಡಾಟ್ಸನ್ ಗೊ ಕಾರಿಗೆ ಸೊನ್ನೆ ಬಂದಾಗ ಪರೀಕ್ಷಕರು ಹೇಳಿದ್ದು ಇದನ್ನೇ: ಚೌಕಟ್ಟು ಇಷ್ಟು ದುರ್ಬಲವಾಗಿರುವಾಗ ಏರ್‌ಬ್ಯಾಗ್ ಇಟ್ಟರೂ ಫಲವಿಲ್ಲ. ಹಾಗಾಗಿ ಶೋರೂಮಿನಲ್ಲಿ ‘ಎಷ್ಟು ಏರ್‌ಬ್ಯಾಗ್?’ ಎಂದು ಕೇಳಿದಷ್ಟೇ ಗಟ್ಟಿಯಾಗಿ ‘ಬಾಡಿ ಶೆಲ್ ಸ್ಥಿರವೋ ಅಸ್ಥಿರವೋ?’ ಎಂದೂ ಕೇಳಬೇಕು. ಗ್ಲೋಬಲ್ ಎನ್‌ಕ್ಯಾಪ್ ವರದಿಗಳಲ್ಲಿ ಈ ಮಾತು ಸ್ಪಷ್ಟವಾಗಿ ಬರೆದಿರುತ್ತದೆ.

ಅಗ್ಗದ ಕಾರಿನ ಪರವಾಗಿಯೂ ಒಂದು ವಾದವಿದೆ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಕಾರು, ಟ್ಯಾಕ್ಸಿ, ವ್ಯಾನುಗಳಲ್ಲಿದ್ದವರು ಶೇ 12.5. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುವುದನ್ನು ಕಂಡು ರತನ್ ಟಾಟಾ ನ್ಯಾನೊ ಕನಸು ಕಂಡಿದ್ದೂ ಇದೇ ಕಾರಣಕ್ಕೆ. ಒಂದು ಲಕ್ಷ ರೂಪಾಯಿಯ ಕಾರು ಎಂಬ ಹೆಸರಿನಲ್ಲಿ 2009ರಲ್ಲಿ ಅದು ಮಾರುಕಟ್ಟೆಗೆ ಬಂತು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು ಹೊರಡಿಸಿದಾಗ, ಮಾರುತಿಯ ಅಧ್ಯಕ್ಷ ಆರ್.ಸಿ. ಭಾರ್ಗವ ಈ ವಾದವನ್ನೇ ಮುಂದಿಟ್ಟರು. ಬೆಲೆ ಏರಿದರೆ ಚಿಕ್ಕ ಕಾರು ಕೊಳ್ಳಲು ಹೊರಟವನು ಬೈಕಿನಲ್ಲೇ ಉಳಿಯುತ್ತಾನೆ ಎಂಬುದು ಅವರ ಆತಂಕ.

ಸಾರಿಗೆ ಸಚಿವ ನಿತಿನ್ ಗಡ್ಕರಿ ಒಂದು ಏರ್‌ಬ್ಯಾಗಿನ ಬೆಲೆ 800 ರೂಪಾಯಿ ಎಂದು ಸಂಸತ್ತಿನಲ್ಲಿ ಹೇಳಿದರು. ಸೆನ್ಸರು, ವೈರಿಂಗು, ಸೀಟು ಮತ್ತು ಚಾವಣಿಯ ಬದಲಾವಣೆ ಸೇರಿಸಿದರೆ ಖರ್ಚು ಅದಕ್ಕಿಂತ ಹೆಚ್ಚೇ. ಆದರೆ ಅವರು ಎತ್ತಿದ ಇನ್ನೊಂದು ಪ್ರಶ್ನೆಗೆ ಉದ್ಯಮದ ಬಳಿ ಸಮಾಧಾನದ ಉತ್ತರ ಇರಲಿಲ್ಲ. ಇದೇ ದೇಶದಲ್ಲಿ ತಯಾರಾದ ಕಾರನ್ನು ಹೊರದೇಶಕ್ಕೆ ಕಳಿಸುವಾಗ ಆರು ಏರ್‌ಬ್ಯಾಗ್ ಇಡುವ ಕಂಪನಿ, ಇಲ್ಲಿಯವರಿಗೆ ಮಾರುವಾಗ ನಾಲ್ಕೇ ಇಡುವುದೇಕೆ? ಕೊನೆಗೆ ಕರಡು ಒಂದು ವರ್ಷ ಮುಂದಕ್ಕೆ ಹೋಗಿ, 2023ರ ಸೆಪ್ಟೆಂಬರಿನಲ್ಲಿ ಸರ್ಕಾರ ಕಡ್ಡಾಯದ ಮಾತನ್ನೇ ಕೈಬಿಟ್ಟಿತು.

ಕಾನೂನು ಕೈಬಿಟ್ಟದ್ದನ್ನು ಮಾರುಕಟ್ಟೆ ಕೈಗೆತ್ತಿಕೊಂಡಿತು. ಈ ಇಡೀ ಕಥೆಯಲ್ಲಿ ನಿಜವಾಗಿ ಸಂತೋಷ ಕೊಡುವ ಸಂಗತಿ ಇದು. ಯುರೋಪಿನಲ್ಲಿ 1997ರಲ್ಲಿ ಹೀಗೇ ಆಗಿತ್ತು. ಅಲ್ಲಿನ ಮೊದಲ ಸ್ಟಾರ್ ಪರೀಕ್ಷೆಯಲ್ಲಿ ಒಂದೇ ಸ್ಟಾರ್ ಪಡೆದ ರೋವರ್ 100 ಕಾರನ್ನು ಜನ ಕೈಬಿಟ್ಟರು, ಹೆಚ್ಚು ದಿನ ಕಳೆಯುವ ಮೊದಲೇ ಅದರ ತಯಾರಿಕೆ ನಿಂತಿತು. ನಮ್ಮಲ್ಲಿ 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. ಸೊನ್ನೆ ಪಡೆದ ನ್ಯಾನೊ ತಯಾರಿಸಿದ ಕಂಪನಿಯೇ ಐದೇ ವರ್ಷಗಳಲ್ಲಿ ಇದನ್ನು ಸಾಧಿಸಿತ್ತು. ಸ್ವಲ್ಪ ಕಾಲದಲ್ಲೇ ಮಹೀಂದ್ರ ಎಕ್ಸ್‌ಯುವಿ300, ಟಾಟಾ ಆಲ್ಟ್ರೋಜ್ ಆ ಸಾಲಿಗೆ ಸೇರಿದವು. 2023ರ ಅಕ್ಟೋಬರಿನಲ್ಲಿ ಹ್ಯುಂಡೈ ತನ್ನ ಎಲ್ಲ ಮಾಡೆಲ್‌ಗಳಲ್ಲೂ ಆರು ಏರ್‌ಬ್ಯಾಗ್ ಇಡುವುದಾಗಿ ಘೋಷಿಸಿತು. 2024ರ ನವೆಂಬರಿನಲ್ಲಿ ಹೊಸ ಡಿಜೈರ್ ಐದು ಸ್ಟಾರ್ ಪಡೆದ ಮೊದಲ ಮಾರುತಿ ಕಾರಾಯಿತು. 2025ರ ಮೇ ತಿಂಗಳಲ್ಲಿ ಮಾರುತಿ ತನ್ನ ಆಲ್ಟೊ ಕೆ10, ಸೆಲೆರಿಯೊ, ವ್ಯಾಗನ್ ಆರ್, ಈಕೊ ಗಾಡಿಗಳಿಗೂ ಆರು ಏರ್‌ಬ್ಯಾಗ್ ಕೊಟ್ಟಿತು. ಹಳ್ಳಿ ರಸ್ತೆಯಲ್ಲಿ ಶಾಲಾ ಮಕ್ಕಳನ್ನೂ ಹಾಲಿನ ಕ್ಯಾನನ್ನೂ ಹೊರುವ ಗಾಡಿ ಈಕೊ. ಅದಕ್ಕೂ ಆರು ಏರ್‌ಬ್ಯಾಗ್ ಬಂದದ್ದು ಸಣ್ಣ ಮಾತಲ್ಲ.

2023ರ ಆಗಸ್ಟ್ 22ರಂದು ಉದ್ಘಾಟನೆಯಾಗಿ ಅದೇ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ನಮ್ಮದೇ ಸ್ಟಾರ್ ಪದ್ಧತಿ. 64 ಕಿ.ಮೀ. ವೇಗದಲ್ಲಿ ಎದುರು ಡಿಕ್ಕಿ, 50 ಕಿ.ಮೀ. ವೇಗದಲ್ಲಿ ಪಕ್ಕದ ಡಿಕ್ಕಿ, 29 ಕಿ.ಮೀ. ವೇಗದಲ್ಲಿ ಕಂಬಕ್ಕೆ ಪಕ್ಕದಿಂದ ಗುದ್ದುವ ಪರೀಕ್ಷೆ ಇದರಲ್ಲಿವೆ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49. ಐದು ಸ್ಟಾರ್ ಬೇಕೆಂದರೆ ಕ್ರಮವಾಗಿ 27 ಮತ್ತು 41 ಅಂಕ ದಾಟಬೇಕು. ತಿರುವಿನಲ್ಲಿ ಕಾರು ಜಾರದಂತೆ ಬ್ರೇಕನ್ನು ತಾನೇ ಹೊಂದಿಸುವ ಇಎಸ್‌ಸಿ ವ್ಯವಸ್ಥೆ ಇಲ್ಲದ ಕಾರಿಗೆ ಮೂರು ಸ್ಟಾರ್ ಕೂಡ ಸಿಗದು. ಆಗುಂಬೆ, ಶಿರಾಡಿ, ಚಾರ್ಮಾಡಿ ಘಾಟಿಗಳ ಮಳೆಗಾಲದ ತಿರುವುಗಳನ್ನು ಬಲ್ಲವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಒಂದು ದೊಡ್ಡ ಕೊರತೆ ಉಳಿದಿದೆ. ಈ ಪರೀಕ್ಷೆ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಗೆಲ್ಲುವ ಭರವಸೆ ಇರುವ ಕಾರನ್ನು ಕಂಪನಿ ಮುಂದೆ ತರುತ್ತದೆ, ಅನುಮಾನ ಇರುವುದನ್ನು ತರದೇ ಇರಬಹುದು. ಹಾಗಾಗಿ ಸ್ಟಾರ್ ಇಲ್ಲದ ಕಾರು ಕಂಡಾಗ ‘ಏಕೆ ಪರೀಕ್ಷೆ ಮಾಡಿಸಿಲ್ಲ?’ ಎಂದು ಕೇಳುವುದು ಕೊಳ್ಳುವವನ ಹಕ್ಕು. ಸ್ಟಾರ್ ಯಾವ ವರ್ಷದ್ದು ಎಂದೂ ನೋಡಬೇಕು. ಗ್ಲೋಬಲ್ ಎನ್‌ಕ್ಯಾಪ್ 2022ರ ಜುಲೈಯಲ್ಲಿ ನಿಯಮ ಬಿಗಿ ಮಾಡಿತು. ಅದಕ್ಕೂ ಹಿಂದಿನ ಐದು ಸ್ಟಾರ್ ಮತ್ತು ಈಗಿನ ಐದು ಸ್ಟಾರ್ ಒಂದೇ ತೂಕದವಲ್ಲ. ಸನ್‌ರೂಫ್, ಅಲಾಯ್ ವೀಲ್, ಹತ್ತಿಂಚಿನ ಪರದೆಗಾಗಿ ಲಕ್ಷಗಟ್ಟಲೆ ಹೆಚ್ಚು ಕೊಡುವ ಮನೆಗಳು ಈ ಎರಡು ಪ್ರಶ್ನೆಗಳಿಗೆ ಹತ್ತು ನಿಮಿಷ ಕೊಡಬೇಕು.

ಕಾರು ತನ್ನ ಪಾಲಿನ ಕೆಲಸ ಮಾಡಿದ ಮೇಲೂ ಒಳಗೆ ಕೂತವರ ಪಾಲು ಉಳಿಯುತ್ತದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿ ಸೇತುವೆಯಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಇದ್ದ ಮರ್ಸಿಡಿಸ್ ಕಾರು ತಡೆಗೋಡೆಗೆ ಅಪ್ಪಳಿಸಿತು. ಮುಂದಿನ ಸೀಟಿನ ಇಬ್ಬರೂ ತೀವ್ರವಾಗಿ ಗಾಯಗೊಂಡರು, ಆದರೆ ಬದುಕಿದರು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಮಿಸ್ತ್ರಿ ಮತ್ತು ಅವರ ಜೊತೆಯವರು ಸತ್ತರು. ದುಬಾರಿ ಬೆಲೆಯ, ಹತ್ತಾರು ಸುರಕ್ಷಾ ವ್ಯವಸ್ಥೆಗಳ ಕಾರದು. ಅದರೊಳಗೆ ಸಾವು ಬದುಕನ್ನು ಬೇರೆ ಮಾಡಿದ್ದು ಎರಡಂಗುಲ ಅಗಲದ ಪಟ್ಟಿ.

ಆ ಮೂರು ಬಿಂದುವಿನ ಪಟ್ಟಿಯನ್ನು 1959ರಲ್ಲಿ ರೂಪಿಸಿದ್ದು ವೋಲ್ವೊ ಕಂಪನಿಯ ಎಂಜಿನಿಯರ್ ನೀಲ್ಸ್ ಬೋಲಿನ್. ಪೇಟೆಂಟ್ ಹಿಡಿದುಕೊಂಡು ಹಣ ಮಾಡಬಹುದಿತ್ತು. ಕಂಪನಿ ಅದನ್ನು ಎಲ್ಲ ಕಾರು ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಆರು ದಶಕ ಕಳೆದರೂ ಅದಕ್ಕಿಂತ ಹೆಚ್ಚು ಜೀವ ಉಳಿಸಿದ ಸಾಧನ ಕಾರಿನೊಳಗೆ ಬಂದಿಲ್ಲ. ಏರ್‌ಬ್ಯಾಗ್ ಕೂಡ ಬೆಲ್ಟ್ ಇದೆಯೆಂದೇ ನಂಬಿ ಮಾಡಿದ್ದು. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಅದು ಚಾಲಕನತ್ತ ಉಬ್ಬಿ ಬರುತ್ತದೆ. ಬೆಲ್ಟ್ ಇಲ್ಲದ ದೇಹ ಅಷ್ಟರಲ್ಲಿ ಮುಂದಕ್ಕೆ ಎರಗಿದ್ದರೆ ಕಾಯಬೇಕಾದ ಚೀಲವೇ ಹೊಡೆಯುತ್ತದೆ.

ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ ಸಾವಿರ ರೂಪಾಯಿ ದಂಡ. ಕರ್ನಾಟಕದಲ್ಲಿ 2022ರ ಅಕ್ಟೋಬರಿನಲ್ಲಿ ಪೊಲೀಸ್ ಇಲಾಖೆ ಇದನ್ನು ಜಾರಿಗೊಳಿಸುವಂತೆ ಆದೇಶವನ್ನೂ ಹೊರಡಿಸಿತು. ಆದರೂ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕುವವರನ್ನು ಹುಡುಕಿ ನೋಡಬೇಕಾದ ಸ್ಥಿತಿ. 2022ರಲ್ಲಿ ಬೆಲ್ಟ್ ಹಾಕದೆ ಸತ್ತವರ ಲೆಕ್ಕ 16,715; ಅದರಲ್ಲಿ ಸರಿಸುಮಾರು ಅರ್ಧ ಮಂದಿ, 8,331 ಜನ, ಪ್ರಯಾಣಿಕರು. ಬೆಲ್ಟ್ ಹಾಕಿಲ್ಲವೆಂದು ಕಾರು ಎಚ್ಚರಿಸಿದರೆ ಆ ಸದ್ದನ್ನು ಅಡಗಿಸುವ ಕ್ಲಿಪ್ಪನ್ನೇ ಜನ ಕೊಂಡು ಸಿಕ್ಕಿಸುತ್ತಿದ್ದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ಜಾಲಗಳ ಮೇಲೆ ಆದೇಶ ಹೊರಡಿಸಿದ ಮೇಲೆ, ಇಂಥ ಕ್ಲಿಪ್ಪುಗಳ 13,118 ಪಟ್ಟಿಗಳನ್ನು ತೆಗೆಯಬೇಕಾಯಿತು.

ಕೊಂಡ ಮೇಲೆ ನಾವು ಕಾರಿಗೆ ಸೇರಿಸುವ ವಸ್ತುಗಳಲ್ಲೂ ಅಪಾಯವಿದೆ. ಮುಂದೆ ಬಿಗಿಸುವ ಬುಲ್ ಬಾರ್ ಗಾಡಿಗೆ ಗತ್ತು ಕೊಡುತ್ತದೆ. ಆದರೆ ಮುದುಡಬೇಕಾದ ಮೂತಿಯನ್ನು ಮುದುಡಲು ಬಿಡದೆ ಹೊಡೆತವನ್ನು ನೇರ ಒಳಕ್ಕೆ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವನ್ನೂ ತಪ್ಪಿಸಬಹುದು. ರಸ್ತೆಯಲ್ಲಿ ನಡೆಯುವವನಿಗೆ ತಗುಲಿದರೆ ಅದು ಕಬ್ಬಿಣದ ಹಾರೆ. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಇದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿತ್ತು. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಕಾರಿಗೆ ದಪ್ಪ ಕವರ್ ಹೊಲಿಸಿದರೆ ಅದು ಬಿಚ್ಚಿಕೊಳ್ಳುವ ದಾರಿ ಮುಚ್ಚುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ, ಪಕ್ಕದ ಸೀಟಿನ ಏರ್‌ಬ್ಯಾಗಿನ ಮುಚ್ಚಳದ ಮೇಲೇ ಅಂಟಿಸಿದ ಗಣಪತಿ ಅಥವಾ ಆಂಜನೇಯನ ಲೋಹದ ಮೂರ್ತಿ, ಚೀಲ ಸಿಡಿದಾಗ ಎದುರು ಕೂತವರ ಮುಖಕ್ಕೆ ಬಂದು ಬಡಿಯುತ್ತದೆ. ದೇವರ ಚಿಕ್ಕ ಚಿತ್ರವೊಂದನ್ನು ಬೇರೆ ಜಾಗದಲ್ಲಿ ಅಂಟಿಸಿದರೆ ಭಕ್ತಿಗೆ ಯಾವ ಕೊರತೆಯೂ ಆಗದು.

ಕಾರಿನ ಸುರಕ್ಷತೆಗೂ ಮಿತಿ ಇದೆ. ಅದನ್ನು ಕನ್ನಡ ನಾಡು 2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿಯ ಹೆದ್ದಾರಿಯಲ್ಲಿ ಕಂಡಿತು. ಕಂಟೇನರ್ ಲಾರಿಯೊಂದು ವೋಲ್ವೊ ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ಸತ್ತರು. ಜಗತ್ತಿನ ಅತಿ ಸುರಕ್ಷಿತ ಕಾರುಗಳ ಸಾಲಿನಲ್ಲಿ ನಿಲ್ಲುವ ಗಾಡಿ ಅದು. ಹತ್ತಾರು ಟನ್ ಭಾರವನ್ನು ಹೊರುವಂತೆ ಯಾವ ಕಾರನ್ನೂ ಕಟ್ಟಿರುವುದಿಲ್ಲ. ರಾತ್ರಿ ಹೊತ್ತು ದೀಪ ಹಾಕದೆ ಕೆಟ್ಟು ನಿಂತ ಲಾರಿಗೆ ಹಿಂದಿನಿಂದ ಗುದ್ದಿದ ಸುದ್ದಿ ವಾರಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಬರುತ್ತದೆ. ಲಾರಿಯ ಹಿಂಬದಿಯ ತಡೆಪಟ್ಟಿ ಇಲ್ಲದಿದ್ದರೆ ಅಥವಾ ಸಡಿಲವಾಗಿದ್ದರೆ ಕಾರಿನ ಮೂತಿ ಅದರಡಿ ನುಗ್ಗಿ, ಲಾರಿಯ ಅಂಚು ನೇರ ಗಾಜಿಗೆ ಬರುತ್ತದೆ. ಅಲ್ಲಿ ಐದು ಸ್ಟಾರ್ ಏನೂ ಮಾಡಲಾರದು.

ರಸ್ತೆಯನ್ನು ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಉದಾಹರಣೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲಿ ಸಾವು ಸರಣಿಯಾಗಿ ಬಂತು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧವಾಯಿತು. 100 ಕಿ.ಮೀ. ಮಿತಿ ಮೀರಿದವರಿಗೆ ದಂಡ ಬಿತ್ತು, ಕ್ಯಾಮೆರಾಗಳು ಬಂದವು. 2023ರಲ್ಲಿ 180ಕ್ಕೂ ಹೆಚ್ಚಿದ್ದ ಸಾವು 2024ರಲ್ಲಿ ಐವತ್ತರ ಆಸುಪಾಸಿಗೆ ಇಳಿಯಿತು. ಅದೇ ರಸ್ತೆ, ಅದೇ ಕಾರುಗಳು, ಅದೇ ಜನ.

ಹೊಸ ಕಾರುಗಳ ಕಥೆ ಸುಧಾರಿಸುತ್ತಿರುವಾಗ ಹಳೆಯವುಗಳನ್ನು ಮರೆಯುವಂತಿಲ್ಲ. ಏರ್‌ಬ್ಯಾಗ್ ಇಲ್ಲದ ಕಾಲದ ಕಾರುಗಳು ಕೈಯಿಂದ ಕೈಗೆ ದಾಟಿ ತಾಲ್ಲೂಕು ಊರುಗಳಲ್ಲಿ ಇನ್ನೂ ಓಡುತ್ತಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ ಸದ್ದು, ಟೈರ್, ಇನ್ಶೂರೆನ್ಸ್ ನೋಡುತ್ತಾರೆ. ಆ ಗಾಡಿಯ ಮೇಲೆ ಕಂಪನಿಯ ರೀಕಾಲ್ ಇತ್ತೇ, ಕೆಟ್ಟ ಭಾಗವನ್ನು ಬದಲಿಸಲಾಗಿದೆಯೇ ಎಂದು ನೋಡುವವರು ಕಡಿಮೆ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ಬಿಸಿ ಮತ್ತು ತೇವಕ್ಕೆ ಕೆಡುತ್ತಾ ಹೋಗಿ, ಚೀಲದೊಂದಿಗೆ ಲೋಹದ ಚೂರುಗಳೂ ಸಿಡಿದು ಹಲವು ದೇಶಗಳಲ್ಲಿ ಜನ ಸತ್ತರು. ಅದೇ ಭಾಗವಿದ್ದ ಹೋಂಡಾ ಕಾರುಗಳನ್ನು ಭಾರತದಲ್ಲೂ ಹಿಂದಕ್ಕೆ ಕರೆಸಿ ಬದಲಿಸಲಾಯಿತು. ಇಂಥ ಬದಲಾವಣೆಗೆ ಮಾಲೀಕನಿಂದ ಹಣ ಪಡೆಯುವುದಿಲ್ಲ. 17 ಅಕ್ಷರ–ಅಂಕಿಗಳ ಚಾಸಿ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ, ಅಥವಾ ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ ಮಾಹಿತಿ ಸಿಗುತ್ತದೆ. 2021ರ ಏಪ್ರಿಲ್‌ನಿಂದ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರವೂ ಸರ್ಕಾರಕ್ಕಿದೆ. ಆ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತದೆ.

ಇನ್ನು ಮಕ್ಕಳು. ಮುಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಕೂತ ಮಗುವಿಗೆ ಅದಕ್ಕಿಂತ ಸುರಕ್ಷಿತ ಜಾಗವಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. 64 ಕಿ.ಮೀ. ವೇಗದ ಕಾರು ಅರ್ಧ ಮೀಟರಿನಷ್ಟು ಮುದುಡಿ ನಿಂತರೆ, ಹತ್ತು ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು ಆ ಕ್ಷಣಕ್ಕೆ ಮುನ್ನೂರು ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಮಗು ಏರ್‌ಬ್ಯಾಗ್ ಮತ್ತು ತಾಯಿಯ ಎದೆಯ ನಡುವೆ ಸಿಕ್ಕಿಕೊಳ್ಳುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಐಸೋಫಿಕ್ಸ್ ಕೊಂಡಿಗಳಿರುವ ಕಾರುಗಳಲ್ಲಿ ಮಕ್ಕಳ ಸೀಟನ್ನು ಹಿಂದಿನ ಸೀಟಿಗೆ ನೇರವಾಗಿ ಸಿಕ್ಕಿಸಬಹುದು. ಕೂಸುಗಳ ಸೀಟು ಕಾರಿನ ಹಿಂಬದಿಗೆ ಮುಖ ಮಾಡಿರಬೇಕು, ಏಕೆಂದರೆ ಎಳೆ ಕುತ್ತಿಗೆಗೆ ತಲೆಯ ಭಾರ ತಡೆಯುವ ಶಕ್ತಿ ಬಂದಿರುವುದಿಲ್ಲ. ಮಗು ಮೊದಮೊದಲು ಅಳುತ್ತದೆ, ಇಳಿಸು ಎಂದು ಹಟ ಮಾಡುತ್ತದೆ. ಕೆಲವು ಪ್ರಯಾಣಗಳಲ್ಲಿ ಅಭ್ಯಾಸವಾಗುತ್ತದೆ.

ಸ್ವಂತ ಕಾರಿಲ್ಲದವರು ಹೆಚ್ಚಾಗಿ ಹತ್ತುವುದು ಬಾಡಿಗೆ ಕ್ಯಾಬಿನ ಹಿಂದಿನ ಸೀಟಿಗೆ. ಅಲ್ಲಿ ಬೆಲ್ಟಿನ ಕೊಕ್ಕೆ ಸಿಕ್ಕಿಸುವ ಬಕಲ್ ಸೀಟ್ ಕವರಿನಡಿ ಹೂತುಹೋಗಿರುತ್ತದೆ. “ಅಣ್ಣಾ, ಬಕಲ್ ಸ್ವಲ್ಪ ಮೇಲಕ್ಕೆ ತೆಗೀತೀರಾ?” ಎಂದು ಕೇಳಿದರೆ ಹೆಚ್ಚಿನ ಚಾಲಕರು ಗಾಡಿ ನಿಲ್ಲಿಸಿ, ಕವರ್ ಸರಿಸಿ ತೆಗೆದುಕೊಡುತ್ತಾರೆ. ಮುಂದಿನ ಪ್ರಯಾಣಿಕನಿಗೂ ಅದು ಮೇಲೇ ಸಿಗುತ್ತದೆ.